ಮೂರನೆಯ ಸೆನ್ಸರಿನ ತಕರಾರು

ಮಾರ್ಚ್ 3, ಸೋಮವಾರ

ಇವತ್ತು ಸೊಸೆಯ ಜೊತೆ ನೀರಿಗಿಳಿದೆ. ಇಬ್ಬರೂ ಜೀವಸಹಿತ ಮೇಲೆ ಬಂದೆವು. ದಾಖಲೆಗೆ ಇಷ್ಟು ಸಾಕು, ಆದರೆ ನನ್ನ ಹೊಟ್ಟೆಯುರಿಗೆ ಸಾಲದು.

ಯಾವಾಗಲೂ ನನ್ನ ಜೋಡಿಯಾಗಿ ಇಳಿಯುವವನು ಮಗ. ಮೂವತ್ತೊಂದು ತುಂಬಿದರೂ ನನ್ನ ಬಾಯಲ್ಲಿ ಅವನಿನ್ನೂ ಪುಟ್ಟ. ಈ ಪುಟ್ಟ ಕಿವಿ ಸೋಂಕು ತಂದುಕೊಂಡು, ಹತ್ತಿ ತುರುಕಿಕೊಂಡು ಕೂತಿದ್ದಾನೆ. ತಿಂಗಳೊಪ್ಪತ್ತು ನೀರಿನ ಹತ್ತಿರ ಸುಳಿಯಬೇಡ ಅಂದಿದ್ದಾರೆ ಡಾಕ್ಟರು. ಈ ತಿಂಗಳಲ್ಲೇ ನೀರು ತುಂಬಿದ ನಮ್ಮ ಕಲ್ಲುಕ್ವಾರಿಯ ತಳಕ್ಕೆ ಹೊಸ ಹಗ್ಗ ಕಟ್ಟಬೇಕು. ಆಳದ ಡೈವಿಂಗ್ ಕಲಿಯುವವರು ಮುಂದಿನ ತಿಂಗಳು ಬರುತ್ತಾರೆ, ಅವರು ಹಿಡಿದುಕೊಂಡು ಇಳಿಯುವ ಹಳೆಯ ಹಗ್ಗ ಮುಟ್ಟಿದರೆ ನಾರುನಾರಾಗಿ ಕಿತ್ತುಬರುತ್ತಿದೆ. ತಳ ಎಂದರೆ ನಲವತ್ತೈದು ಮೀಟರ್. ಅಷ್ಟು ಆಳಕ್ಕೆ ಒಬ್ಬರೇ ಇಳಿಯುವ ಹಾಗಿಲ್ಲ ಎಂದು ನಿಯಮ ಮಾಡಿದ ಮಹಾತಾಯಿ ನಾನೇ. ಹಾಗಾಗಿ ಉಳಿದವಳು ಸೊಸೆ.

ಬೆಳಗಿನ ಹೊತ್ತು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಮಿಕ್ಕ ಹೊತ್ತು ನನ್ನನ್ನು. ನಮ್ಮಲ್ಲಿ ಕಲಿಯಲು ಬಂದವಳು ಸರ್ಟಿಫಿಕೇಟಿನ ಜೊತೆ ಮಗನನ್ನೂ ತೆಗೆದುಕೊಂಡು ಹೋದಳು. ಹೋದಳು ಎಲ್ಲಿ ಬಂತು, ಇಲ್ಲೇ ಅಡುಗೆಮನೆ ಪಕ್ಕದ ಕೋಣೆಯಲ್ಲಿದ್ದಾಳೆ. ಲ್ಯಾಬ್ ಮೇಡಂ.

ಕಲಿಯುವವರ ಮುಂದೆ ಮಾಡುವ ಭಾಷಣವನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಮನೆಯಲ್ಲಂತೂ ಕೇಳುವವರಿಲ್ಲ. ರೀಬ್ರೀದರ್ ಎಂಬ ಈ ಯಂತ್ರ ನಾವು ಬಿಟ್ಟ ಉಸಿರನ್ನು ಹೊರಗೆ ಚೆಲ್ಲುವುದಿಲ್ಲ. ಶುದ್ಧ ಮಾಡಿ, ಕಡಿಮೆಯಾದಷ್ಟು ಆಮ್ಲಜನಕ ಸೇರಿಸಿ, ಮತ್ತೆ ನಮ್ಮ ಬಾಯಿಗೇ ಕೊಡುತ್ತದೆ. ಎಷ್ಟು ಸೇರಿಸಬೇಕು ಎಂದು ಅದಕ್ಕೆ ಹೇಳಿಕೊಡುವುದು ಹೆಬ್ಬೆರಳಿನ ಗಾತ್ರದ ಮೂರು ಸೆನ್ಸರುಗಳು. ಆಮ್ಲಜನಕ ಕಡಿಮೆಯಾದರೆ ಎಚ್ಚರ ತಪ್ಪುತ್ತದೆ, ಹೆಚ್ಚಾದರೆ ಫಿಟ್ಸ್ ಬರುತ್ತದೆ. ನೀರಿನಡಿಯಲ್ಲಿ ಎರಡಕ್ಕೂ ಅರ್ಥ ಒಂದೇ. ಮೂರರಲ್ಲಿ ಎರಡು ಸೆನ್ಸರು ಒಂದೇ ಮಾತು ಹೇಳಿದರೆ ಯಂತ್ರ ಮೂರನೆಯದನ್ನು ನಂಬುವುದಿಲ್ಲ. ಬಹುಮತ, ಮುಗಿಯಿತು.

ಇವತ್ತು ಅಭ್ಯಾಸಕ್ಕೆಂದು ಇಪ್ಪತ್ತು ಮೀಟರಿಗೆ ಇಳಿದಿದ್ದೆವು. ಆಮ್ಲಜನಕದ ಒತ್ತಡ ತೋರಿಸುವ ಅಂಕಿ 1.3ರಲ್ಲಿ ನಿಲ್ಲಬೇಕು. ಒಂದನೆಯದೂ ಎರಡನೆಯದೂ ಮರ್ಯಾದೆಯಾಗಿ 1.2 ಎನ್ನುತ್ತಿದ್ದವು. ಮೂರನೆಯದು ಮಾತ್ರ 1.6 ಎಂದು ಹಾರಾಡುತ್ತಿತ್ತು. ಯಂತ್ರ ಅದನ್ನು ಪಂಕ್ತಿಯಿಂದ ಎಬ್ಬಿಸಿತು, ನಾನೂ ಎಬ್ಬಿಸಿದೆ. ಲ್ಯಾಬ್ ಮೇಡಂ ನನ್ನ ಮಣಿಕಟ್ಟು ಹಿಡಿದು, ಅಲ್ಲಿ ಕಟ್ಟಿದ್ದ ಅಂಕಿಯ ಪರದೆಯ ಮೇಲೆ ಬೆರಳಿನಿಂದ ಕುಟ್ಟಿದಳು, ಬಾಗಿಲು ತಟ್ಟುವವರ ಹಾಗೆ. ಆಮ್ಲಜನಕ ಬಿಡುವ ಕವಾಟವೂ ಇವತ್ತು ಬಿಡುವಿಲ್ಲದೆ ಟಿಕ್ ಟಿಕ್ ಎನ್ನುತ್ತಿತ್ತು. ಒಳಗೆ ಕೊಳೆ ಸೇರಿರಬೇಕು. ಸಿಲಿಂಡರ್ ಕೂಡ ಯಾಕೋ ಬೇಗ ಅರ್ಧವಾಯಿತು, ಎಲ್ಲೋ ಸೋರುತ್ತಿದೆ. ಒಂದೇ ದಿನ ಎಲ್ಲಾ ಕೆಟ್ಟು ಕೂರಬೇಕೇ!

ದಡದಲ್ಲಿ ನನ್ನ ಮುಖ ನೋಡಿ ಕೇಳಿದಳು: "ಅತ್ತೆ, ನಿಮ್ ತುಟಿ ಅದುರ್ತಿದೆಯಲ್ಲ?"

"ಸಿಟ್ಟು ಬಂದ್ರೆ ಅದುರುತ್ತೆ."

ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಒಳ್ಳೆಯದಲ್ಲ. ಆದರೆ ಬರಿಸುವವರು ಮನೆಯಲ್ಲೇ ಇರುವಾಗ ಏನು ಮಾಡುವುದು?

ಮಾರ್ಚ್ 5, ಬುಧವಾರ

ಮೂರನೆಯ ಸೆನ್ಸರ್ ಕಿತ್ತು ಕಸದ ಬುಟ್ಟಿಗೆ ಎಸೆದು ಹೊಸದು ಹಾಕಿದೆ. ದಡದ ಮೇಲೆ ಶುದ್ಧ ಆಮ್ಲಜನಕ ಹಾಯಿಸಿ ನೋಡಿದರೆ ಮೂರೂ 1.00 ತೋರಿಸಿದವು. ಮೂರು ಮಕ್ಕಳು ಒಂದೇ ರಾಗದಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಎಂಥ ಸಮಾಧಾನ.

ನಾನು ಕೈ ತೊಳೆದು ಬರುವಷ್ಟರಲ್ಲಿ ಲ್ಯಾಬ್ ಮೇಡಂ ಕಸದ ಬುಟ್ಟಿಯಿಂದ ಹಳೆಯ ಸೆನ್ಸರ್ ಎತ್ತಿ, ಒರೆಸಿ, ಜೇಬಿಗೆ ಇಳಿಸುತ್ತಿದ್ದಳು.

"ಅದ್ಯಾಕಮ್ಮ?"

"ಸುಮ್ನೆ, ಅತ್ತೆ."

ಸುಮ್ಮನೆ ಏನನ್ನಾದರೂ ಮಾಡುವ ಜಾತಿಯಲ್ಲ ಅವಳು.

ಮಾರ್ಚ್ 6, ಗುರುವಾರ

ಕವಾಟ ಬಿಚ್ಚಿ ತೊಳೆದೆ. ಕೊಳೆಯೇ ಇರಲಿಲ್ಲ. ಸಿಲಿಂಡರನ್ನು ತೊಟ್ಟಿಯಲ್ಲಿ ಮುಳುಗಿಸಿ ಕಣ್ಣು ನೆಟ್ಟು ಕೂತೆ. ಒಂದು ಗುಳ್ಳೆಯೂ ಬರಲಿಲ್ಲ. ದಿನವಿಡೀ ಇಲ್ಲದ ರೋಗಕ್ಕೆ ಮದ್ದು ಅರೆದೆ.

ಮಾರ್ಚ್ 8, ಶನಿವಾರ

ಮತ್ತೆ ಅದೇ ರಾಮಾಯಣ. ಹೊಚ್ಚ ಹೊಸ ಸೆನ್ಸರು, ಪೊಟ್ಟಣ ಒಡೆದು ಮೂರು ದಿನ, ಅದೂ 1.6, ಆಮೇಲೆ 1.7 ಎನ್ನುತ್ತಿದೆ! ಒಂದೂ ಎರಡೂ ಎಂದಿನಂತೆ 1.2. ಕವಾಟ ಟಿಕ್ ಟಿಕ್ ಟಿಕ್. ಹಾಗಾದರೆ ತಪ್ಪು ಸೆನ್ಸರಿನದಲ್ಲ, ಅದು ಕೂರುವ ಮೂರನೆಯ ಗೂಡಿನದು. ಆ ಗೂಡಿಗೆ ಯಾರು ಬಂದರೂ ಕೆಡುತ್ತಾರೆ. ಕೆಲವು ಕುರ್ಚಿಗಳ ಗುಣವೇ ಹಾಗೆ.

ಸೊಸೆ ಹೆಬ್ಬೆರಳು ಎತ್ತಿ ಮೇಲೆ ಹೋಗೋಣ ಎಂದು ಸನ್ನೆ ಮಾಡಿದಳು. ಜೋಡಿಯಲ್ಲಿ ಒಬ್ಬರು ಹೆಬ್ಬೆರಳು ಎತ್ತಿದರೆ ಇನ್ನೊಬ್ಬರು ವಾದ ಮಾಡದೆ ಮೇಲೆ ಬರಬೇಕು. ಈ ನಿಯಮವೂ ನನ್ನದೇ. ನಾನು ಮಾಡಿದ ನಿಯಮಗಳೆಲ್ಲ ಒಟ್ಟುಸೇರಿ ನನ್ನ ಮೇಲೇ ಸೇಡು ತೀರಿಸಿಕೊಳ್ಳುತ್ತಿವೆ. ಬೈಯಲೆಂದೇ ಮೇಲೆ ಬಂದೆ. ಬೈಯಲು ಬಾಯಿ ತೆರೆದರೆ ತುಟಿ ಒಂದೇ ಸಮನೆ ಕುಣಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಬೈಗುಳವೆಲ್ಲ ಹಾಗೇ ಉಳಿದುಹೋಯಿತು.

ಇಷ್ಟು ಸಿಟ್ಟು ಇವರ ಮೇಲೂ ಬಂದಿರಲಿಲ್ಲ, ಮದುವೆಯಾದ ಹೊಸದರಲ್ಲಿ ನನ್ನ ಮಾಸ್ಕನ್ನು ಬಸ್ಸಿನಲ್ಲಿ ಬಿಟ್ಟುಬಂದಾಗಲೂ.

ಮಾರ್ಚ್ 9, ಭಾನುವಾರ

ಊಟದ ನಡುವೆ ತಲೆ ಎತ್ತದೆಯೇ ಕೇಳಿದಳು: "ಅತ್ತೆ, ಒಂದನೇದು, ಎರಡನೇದು ಯಾವಾಗ ಹಾಕಿದ್ದು?"

ಪುಟ್ಟನ ಕೈಯ ಚಮಚ ತಟ್ಟೆಗೆ ಬಿತ್ತು.

"ಚೆನ್ನಾಗಿವೆ," ಎಂದೆ.

"ಚೆನ್ನಾಗಿವೆಯಾ ಅಂತ ಕೇಳ್ಲಿಲ್ಲ. ಯಾವಾಗ ಹಾಕಿದ್ದು ಅಂತ ಕೇಳಿದೆ."

ಪಿತ್ತ ನೆತ್ತಿಗೇರಿತು. "ನೀನು ಈ ಮನೆಗೆ ಬರೋದಕ್ಕಿಂತ ಮುಂಚೆ," ಎಂದು ತಟ್ಟೆ ಎತ್ತಿಕೊಂಡು ಎದ್ದೆ. ಹೇಳಬಾರದಿತ್ತು. ಆದರೆ ಎಷ್ಟು ಚೆನ್ನಾಗಿ ಬಾಯಿಗೆ ಬಂತು ಎಂದರೆ, ತಡೆಯಲು ಮನಸ್ಸಾಗಲಿಲ್ಲ.

ಅವೆರಡನ್ನು ಹಾಕಿದ್ದು ಇವರು, ಮೂರನೆಯದಷ್ಟೇ ಆಮೇಲೆ ನಾನು ಹಾಕಿದ್ದು. ಈ ಯಂತ್ರವೇ ಇವರದು. ಎರಡು ವರ್ಷದ ಹಿಂದೆ, ಇದೇ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು, ಸೆನ್ಸರಿನ ಬೆನ್ನಿಗೆ ಬಿಳಿ ಪಟ್ಟಿ ಅಂಟಿಸಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತಾರೀಕು ಬರೆದು ಕೂರಿಸಿದ್ದರು. ಆರು ತಿಂಗಳಿಗೆ ತಾವೇ ಹೊರಟುಬಿಟ್ಟರು. ಆಯುಷ್ಯವೆಲ್ಲ ನೀರಿನಡಿಯಲ್ಲಿ ಕಳೆದವರು ಒಣ ನೆಲದಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಎದೆನೋವೆಂದು ಹೇಳಿದ ಗಂಟೆಯೊಳಗೆ ಹೋದರು. ಸೊಸೆ ಅವರನ್ನು ನೋಡಿರುವುದು ಫೋಟೋದಲ್ಲಷ್ಟೇ.

ಒಂದು ವರ್ಷಕ್ಕೆ ಸೆನ್ಸರ್ ಬದಲಿಸಬೇಕು ಎಂದು ಪ್ರತಿ ತರಗತಿಯಲ್ಲೂ ಬೆರಳೆತ್ತಿ ಹೇಳುತ್ತೇನೆ. ಅದು ಕಲಿಯುವವರಿಗೆ. ಯಂತ್ರ ತೊಳೆಯುವಾಗಲೆಲ್ಲ ಆ ಅಕ್ಷರ ನೋಡುತ್ತೇನೆ. ಎರಡೂ ಇನ್ನೂ ಒಂದೇ ಮಾತು ಆಡುತ್ತಿವೆ. ಕೆಟ್ಟಿದ್ದರೆ ಒಂದಾದರೂ ಬೇರೆ ಹೇಳುತ್ತಿರಲಿಲ್ಲವೇ?

ಮಾರ್ಚ್ 11, ಮಂಗಳವಾರ

ವಿಶೇಷವೇನೂ ಇಲ್ಲ. ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿಕೊಂಡೆ. ಸೊಸೆ ಎದುರಿಗೇ ಇದ್ದಳು. ಪೂರ್ತಿ ಕುಡಿದೆ.

ಮಾರ್ಚ್ 14, ಶುಕ್ರವಾರ

ಇವತ್ತು ಅಡುಗೆಮನೆಯಲ್ಲಿ ನ್ಯಾಯಪಂಚಾಯಿತಿ. ಭಾನುವಾರ ತಳಕ್ಕೆ ಇಳಿಯುವುದೆಂದು ಗೊತ್ತುಮಾಡಿದ್ದೆ. ಸೊಸೆ ಒಂದು ಷರತ್ತು ಹಾಕಿದಳು. ಇಳಿಯುವ ಮುಂಚೆ ಆರು ಮೀಟರ್‌ನಲ್ಲಿ ನಿಂತು, ಯಂತ್ರದೊಳಗೆ ಬರೀ ಆಮ್ಲಜನಕ ತುಂಬಿಸಿ, ಸೆನ್ಸರುಗಳು ಏನು ಹೇಳುತ್ತವೆ ನೋಡಬೇಕಂತೆ.

"ದಡದ ಮೇಲೆ ನೋಡಿದೀನಲ್ಲ. ಮೂರೂ ಸರಿಯಾಗಿ 1.00."

"ಅತ್ತೆ, ಕೆಳಗೆ ಬೇಕಾಗಿರೋದು 1.3. ಮೇಲೆ ಒಂದರವರೆಗೆ ಮಾತ್ರ ಕೇಳಿದ್ರೆ ಹೇಗೆ?"

ಎದ್ದು ಹೋಗಿ ಮೂಲೆಯ ತಕ್ಕಡಿ ತಂದಳು. ನಮ್ಮ ಅಡುಗೆಮನೆಯ ಮುಳ್ಳಿನ ತಕ್ಕಡಿ, ಒಂದು ಕಿಲೋ ದಾಟಿದರೆ ಮುಳ್ಳು ಸಿಕ್ಕಿಹಾಕಿಕೊಳ್ಳುತ್ತದೆ. ಅರ್ಧ ಕಿಲೋ ಸಕ್ಕರೆ ಇಟ್ಟಳು, ಅರ್ಧ ತೋರಿಸಿತು. ಒಂದು ಕಿಲೋ ಹಿಟ್ಟು ಇಟ್ಟಳು, ಒಂದು ತೋರಿಸಿತು. ಅದರ ಮೇಲೆ ಸಕ್ಕರೆ, ಅದರ ಮೇಲೆ ಪುಟ್ಟನ ಕೈಲಿದ್ದ ಹಣ್ಣು, ಆಮೇಲೆ ನನ್ನ ಕನ್ನಡಕದ ಡಬ್ಬಿ. ಮುಳ್ಳು ಒಂದರಲ್ಲೇ ನಿಂತಿತ್ತು.

"ಒಂದರವರೆಗೆ ಎಷ್ಟು ಚೆನ್ನಾಗಿ ತೂಗುತ್ತೆ ನೋಡಿ. ವಯಸ್ಸಾದ ಸೆನ್ಸರೂ ಹೀಗೇ, 1.2ರಲ್ಲೇ ನಿಂತುಬಿಡುತ್ತೆ. ಒಂದೇ ಬ್ಯಾಚಿನ ಇಂಥದ್ದು ಎರಡಿದ್ರೆ ಎರಡೂ ಒಂದೇ ಮಾತು ಹೇಳ್ತವೆ. 1.3 ಬಂದಿಲ್ಲ, ಬಂದಿಲ್ಲ ಅಂತ ಯಂತ್ರ ಆಮ್ಲಜನಕ ಸುರೀತಾನೇ ಇರುತ್ತೆ. ಕವಾಟ ಟಿಕ್ ಟಿಕ್ ಅನ್ನೋದು ಅದಕ್ಕೇ ಇರಬೇಕು. ಮೂರನೇದು ಸುಳ್ಳು ಹೇಳ್ತಿಲ್ಲ ಅಂತ ನಂಗನ್ಸುತ್ತೆ."

"ಎರಡು ಸೇರಿ ಒಂದು ಮಾತು ಹೇಳಿದ್ರೆ..."

"ನಮ್ ಲ್ಯಾಬಲ್ಲಿ ಎರಡು ಮೆಷಿನ್ ಒಂದೇ ಉತ್ತರ ಕೊಟ್ರೆ ಖುಷಿ ಪಡಲ್ಲ, ಅತ್ತೆ. ದಿನಾ ಬೆಳಗ್ಗೆ ಉತ್ತರ ಗೊತ್ತಿರೋ ಸ್ಯಾಂಪಲ್ ಹಾಕ್ತೀವಿ. ಆ ಉತ್ತರ ಬಂದ್ರೇನೇ ಕೆಲಸ ಶುರು. ಆರು ಮೀಟರ್‌ನಲ್ಲಿ ಉತ್ತರ ಗೊತ್ತು, ಅಲ್ಲಿನ ನೀರಿನ ಒತ್ತಡಕ್ಕೆ ಬರೀ ಆಮ್ಲಜನಕ 1.6ರ ಹತ್ರ ಬರಲೇಬೇಕು. ನೀವು ಬಿಸಾಡಿದ ಸೆನ್ಸರು ಈಗ ನನ್ ಯಂತ್ರದಲ್ಲಿದೆ. ಮೊನ್ನೆ ಹೊಸಬರ ತರಗತಿಯ ಜೊತೆ ಆರು ಮೀಟರಿಗೆ ಇಳಿದಾಗ ನೋಡಿದೆ, ಸರಿಯಾಗೇ ಹೇಳ್ತು."

"ನಿನ್ ಯಂತ್ರಕ್ಕೆ ಅದೇ ಸರಿ," ಎಂದೆ. ಇದನ್ನು ಉತ್ತರವೆಂದು ನಾನು ಆಗ ನಂಬಿದ್ದೆ.

ಕೊನೆಗೆ ಮತಕ್ಕೆ ಹಾಕಿದೆ. ಆರು ಮೀಟರಿನ ನಾಟಕ ಬೇಡ ಎನ್ನುವವರು? ನಾನು ಕೈ ಎತ್ತಿದೆ. ಪುಟ್ಟ ನನ್ನ ಮುಖ ನೋಡಿ, ಹೆಂಡತಿಯ ಮುಖ ನೋಡಿ, ಕಿವಿಯ ಹತ್ತಿ ಸರಿಮಾಡಿಕೊಂಡು, "ಅಮ್ಮ ಹೇಳಿದ ಹಾಗೆ," ಎಂದ. ಎರಡಕ್ಕೆ ಒಂದು. ಈ ಮನೆಯಲ್ಲಿ ಕಿಟಕಿ ಪರದೆಯ ಬಣ್ಣದಿಂದ ಹಿಡಿದು ಎಲ್ಲವೂ ಹೀಗೇ ತೀರ್ಮಾನವಾಗುವುದು.

"ನೀವಿಬ್ರೂ ಒಂದೇ ಬ್ಯಾಚು," ಎಂದು ನಕ್ಕಳು. ಕಣ್ಣು ನಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನನಗೋಸ್ಕರ ಆರು ಮೀಟರ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೂರನೇದೇ ತಪ್ಪು ಅಂತಾದ್ರೆ ವರ್ಷಪೂರ್ತಿ ನಿಮ್ ವಿಷಯಕ್ಕೆ ಬಾಯಿ ಹಾಕಲ್ಲ."

ವರ್ಷಪೂರ್ತಿ! ಕೇಳಿದ ಕೂಡಲೇ ಒಪ್ಪಿಕೊಂಡೆ. ಅಷ್ಟು ಮೌನಕ್ಕೆ ಆರು ಮೀಟರೇನು, ಅರವತ್ತು ಮೀಟರಿನಲ್ಲಿ ತಲೆಕೆಳಗಾಗಿ ನಿಲ್ಲಲೂ ಸಿದ್ಧ.

ಮಾರ್ಚ್ 16, ಭಾನುವಾರ

ಆರು ಮೀಟರ್. ನೀರೊಳಗೆ ಇಳಿಬಿಟ್ಟಿರುವ ಕಬ್ಬಿಣದ ಅಟ್ಟಣೆ ಹಿಡಿದು ನಿಂತೆವು. ಒಳಗಿನ ಗಾಳಿಯೆಲ್ಲ ಹೊರಗೆ ಬಿಟ್ಟು ಬರೀ ಆಮ್ಲಜನಕ ತುಂಬಿಸಿದೆ. ಗೆದ್ದ ಮೇಲೆ ಯಾವ ಮುಖ ಮಾಡಬೇಕು ಎಂದು ಮಾಸ್ಕಿನೊಳಗೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಒಂದು: 1.21. ಎರಡು: 1.19. ಮೂರು: 1.57.

ಒಳಗೆ ಗಾಳಿ ಉಳಿದಿರಬೇಕೆಂದು ಮತ್ತೆ ಹೊರಗೆ ಬಿಟ್ಟು ಮತ್ತೆ ತುಂಬಿಸಿದೆ. 1.21, 1.19, 1.57. ಪರದೆಯನ್ನು ಬೆರಳಿನಿಂದ ಕುಟ್ಟಿದೆ. ಅವತ್ತು ಇವಳು ಕುಟ್ಟಿದ್ದಕ್ಕೆ ಸಿಟ್ಟಾಗಿದ್ದ ಅದೇ ಪರದೆ. ಮತ್ತೊಮ್ಮೆ ತುಂಬಿಸಿದೆ. ಒಂದೂ ಎರಡೂ ಅಲ್ಲಾಡಲಿಲ್ಲ, ಒಂದು ಕಿಲೋದ ಮುಳ್ಳಿನ ಹಾಗೆ. ಮೂರನೆಯದು ತನ್ನ ಪಾಡಿಗೆ ನಿಜ ಹೇಳುತ್ತಾ ಕೂತಿತ್ತು.

ಮಾಸ್ಕಿನೊಳಗೆ ನೀರು ಬಂತು. ಮಾಸ್ಕು ಸೋರುತ್ತಿದೆ ಎಂದು ಬರೆಯೋಣ ಅಂದುಕೊಂಡೆ. ಸೋರುತ್ತಿಲ್ಲ.

ನಾನು ಕದಲಲಿಲ್ಲ. ನನ್ನ ಹುಚ್ಚು ನನಗೆ ಗೊತ್ತು. ಯಾರಾದರೂ ಆಗ "ನಾನು ಹೇಳಲಿಲ್ವಾ" ಎಂಬ ಮುಖ ಮಾಡಿದ್ದರೆ, ಹಟಕ್ಕೆ ಬಿದ್ದು ಅವೆರಡು ಸೆನ್ಸರುಗಳನ್ನೇ ನಂಬಿಕೊಂಡು ಸೀದಾ ತಳಕ್ಕೆ ಇಳಿದುಬಿಡುತ್ತಿದ್ದೆ. ಇವಳು ಅಂಥ ಮುಖ ಮಾಡಲಿಲ್ಲ. ಸೊಂಟದ ಸ್ಲೇಟು ತೆಗೆದು, ಪೆನ್ಸಿಲಿನಿಂದ ಕೋಳಿ ಕೆದರಿದ ಹಾಗೆ ಏನೋ ಗೀಚಿ ನನ್ನ ಮುಂದೆ ಹಿಡಿದಳು.

"ಮೇಲೆ ಹೋಗೋಣವಾ ಅತ್ತೆ?"

ಕೇಳುವ ಅಗತ್ಯವೇ ಇರಲಿಲ್ಲ. ಹೆಬ್ಬೆರಳು ಎತ್ತಿದ್ದರೆ ಸಾಕಿತ್ತು, ನನ್ನ ನಿಯಮವೇ ನನ್ನನ್ನು ಎಳೆದುಕೊಂಡು ಬರುತ್ತಿತ್ತು. ಆದರೂ ಕೇಳಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಯಂತ್ರದ ಕೊಳವೆ ಬಿಟ್ಟು ಪಕ್ಕದ ಸಿಲಿಂಡರಿನ ಗಾಳಿಗೆ ಬಾಯಿ ಬದಲಿಸಿ, ಇಬ್ಬರೂ ಮೇಲೆ ಬಂದೆವು. ನನ್ನ ಮೊಣಕೈ ಹಿಡಿದಿದ್ದಳು. ದಡದವರೆಗೂ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ನೀರು ತಣ್ಣಗಿತ್ತು, ಅದಕ್ಕೇ ಇರಬೇಕು.

ಮಾರ್ಚ್ 17, ಸೋಮವಾರ

ತುಟಿ ಅದುರಿದ್ದು ಸಿಟ್ಟಿಗಲ್ಲ.

ಬೆಳಗ್ಗೆ ಹಲ್ಲುಜ್ಜುತ್ತಾ ಕನ್ನಡಿ ನೋಡಿದಾಗ ಹೊಳೆಯಿತು. ಹೊಳೆದು ಬ್ರಷ್ ಕೈಯಲ್ಲೇ ಉಳಿಯಿತು. ತುಟಿ ಅದುರುವುದು, ಹೊಟ್ಟೆ ತೊಳಸುವುದು, ಕಾರಣವಿಲ್ಲದೆ ರೇಗುವುದು: ಆಮ್ಲಜನಕ ಅತಿಯಾದಾಗ ಫಿಟ್ಸ್‌ಗೆ ಮುಂಚೆ ಕಾಣುವ ಲಕ್ಷಣಗಳು. ಇದನ್ನು ಬೋರ್ಡಿನ ಮೇಲೆ ಬರೆದು ಎಷ್ಟು ಜನರಿಗೆ ಪಾಠ ಮಾಡಿದ್ದೇನೋ! ನನಗೆ ಬಂದಾಗ ಮಾತ್ರ ಅದಕ್ಕೆ ಸೊಸೆ ಎಂದು ಹೆಸರಿಟ್ಟೆ. ಇಪ್ಪತ್ತು ಮೀಟರಿನಲ್ಲೇ ಹಾಗಾದರೆ ನಲವತ್ತೈದರಲ್ಲಿ ಏನಾಗುತ್ತಿತ್ತು ಎಂದು ಲೆಕ್ಕ ಹಾಕಲು ನನಗೆ ಕಾಗದ ಬೇಕಿಲ್ಲ. ಫಿಟ್ಸ್ ಬರುತ್ತಿತ್ತು, ಕೊಳವೆ ಬಾಯಿಂದ ಕಳಚುತ್ತಿತ್ತು. ನನ್ನನ್ನು ಬಿಡಲಾರದೆ ಆ ಹುಡುಗಿಯೂ ಅಲ್ಲೇ ಒದ್ದಾಡುತ್ತಿದ್ದಳು. ನನಗೆ ಭಯವಾಯಿತು. ಬಚ್ಚಲ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಪುಟ್ಟನನ್ನು ಕರೆದೆ. "ನಿಂಗೆ ಗೊತ್ತಿತ್ತೇನೋ, ಅವು ಹಳೇವು ಅಂತ?"

ಅವನು ನೆಲ ನೋಡಿದ. "ಗೊತ್ತಿತ್ತಮ್ಮ. ಅಪ್ಪನ ಅಕ್ಷರ ಇತ್ತಲ್ಲ, ತೆಗೀರಿ ಅನ್ನಕ್ಕೆ ಬಾಯಿ ಬರ್ಲಿಲ್ಲ."

ಒಂದೇ ಬ್ಯಾಚು, ಇನ್ನೇನು.

ಯಂತ್ರ ಬಿಚ್ಚಿ ಎರಡನ್ನೂ ಈಚೆ ತೆಗೆದೆ. ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲಿನ ಅಕ್ಷರ ನೋಡಿದೆ. ಎರಡು ವರ್ಷದಿಂದ ನೋಡುತ್ತಲೇ ಬಂದಿದ್ದೆ. ತಾರೀಕು, ಅದರ ಕೆಳಗೆ ಇನ್ನೂ ಸಣ್ಣದಾಗಿ: "ಒಂದು ವರ್ಷಕ್ಕೆ ತೆಗೆದುಬಿಡು. ಮರೀಬೇಡ." ಎರಡರ ಮೇಲೂ ಅದೇ. ಆ ದುಂಡಗಿನ ತೆ, ಆ ಉದ್ದ ಬಾಲದ ರೀ, ಎಲ್ಲ ಕಣ್ತುಂಬ ನೋಡಿದ್ದೇನೆ. ಓದಿರಲಿಲ್ಲ ಅಷ್ಟೇ. ಬದುಕಿದ್ದಾಗಲೂ ಇವರ ಮುಖ ನೋಡುತ್ತಾ ಕೂತು, ಹೇಳಿದ್ದನ್ನು ಕೇಳಿಸಿಕೊಳ್ಳದೆ ಬೈಸಿಕೊಂಡವಳು ನಾನು.

ಅತ್ತುಬಿಟ್ಟೆ. ಚೆನ್ನಾಗಿ ಅತ್ತೆ.

ಸೊಸೆ ಲ್ಯಾಬಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಪಟ್ಟಿ ಓದಿದಳು. "ಮಾವಂದು ಎಂಥಾ ಅಕ್ಷರ," ಎಂದಳು. ಪಕ್ಕದಲ್ಲಿ ಕೂತು, ಜೇಬಿನಿಂದ ಒಂದು ಸೆನ್ಸರ್ ತೆಗೆದು ಮೇಜಿನ ಮೇಲಿಟ್ಟಳು. ನಾನು ಕಸದ ಬುಟ್ಟಿಗೆ ಎಸೆದದ್ದು. ತನ್ನ ಯಂತ್ರಕ್ಕೆ ಮೊದಲಿದ್ದದ್ದನ್ನೇ ಹಾಕಿ, ಇದನ್ನು ಬಿಚ್ಚಿ ತಂದಿದ್ದಳು.

ಕಸದಿಂದ ಬಂದದ್ದು ಒಂದನೆಯ ಗೂಡಿಗೆ ಹೋಯಿತು. ಮೂರನೆಯದು ಇದ್ದಲ್ಲೇ ಇದೆ. ಎರಡನೆಯದಕ್ಕೆ ಬೇರೆ ಅಂಗಡಿಯಿಂದ, ಬೇರೆ ಬ್ಯಾಚಿನದು ತರಿಸಬೇಕು. ಇವರ ಎರಡು ಸೆನ್ಸರುಗಳನ್ನು ಡಬ್ಬಿಯಲ್ಲಿ ಹಾಕಿ ಇವರ ಕನ್ನಡಕದ ಪಕ್ಕ ಇಟ್ಟಿದ್ದೇನೆ. ಅವೂ ನಿವೃತ್ತಿಯಾಗಲಿ, ಪಾಪ.

ಮಾರ್ಚ್ 23, ಭಾನುವಾರ

ಹಗ್ಗ ಕಟ್ಟಿ ಬಂದೆವು.

ಎರಡನೆಯ ಗೂಡಿನ ಸೆನ್ಸರ್ ನಿನ್ನೆ ಬಂತು. ಬಿಳಿ ಪಟ್ಟಿ ಅಂಟಿಸಿ ಪೆನ್ನನ್ನು ಇವಳ ಕೈಗೆ ಕೊಟ್ಟೆ. "ನಾನಾ?" ಎಂದಳು. "ಇನ್ಯಾರು, ನಿನ್ ಗಂಡನಾ?" ಎಂದೆ. ನಾಲಿಗೆ ಕಚ್ಚಿಕೊಂಡು, ಸಣ್ಣ ಮಗುವಿನ ಹಾಗೆ ಬಗ್ಗಿ ಬರೆದಳು. ತಾರೀಕು ಯಾವುದು, ತಿಂಗಳು ಯಾವುದು ದೇವರಿಗೇ ಗೊತ್ತು. ಕೆಳಗೆ "ವರ್ಷ ಆದ್ಮೇಲೆ ಬಿಸಾಕಿ" ಎಂದಿದೆ. ಈ ಸಲ ಮರೆಯುವ ಭಯವಿಲ್ಲ. ಇಂಥ ಅಕ್ಷರವನ್ನು ಯಾರು ಇಟ್ಟುಕೊಳ್ಳುತ್ತಾರೆ!

ಆರು ಮೀಟರಿನಲ್ಲಿ ನಾನೇ ಮೊದಲು ಕೈ ತೋರಿಸಿ ನಿಂತೆ. 1.56, 1.58, 1.55. ಇವಳ ಯಂತ್ರದ್ದನ್ನೂ ನೋಡಿದೆ, ಮೂರನ್ನೂ. ಕೆಳಗೆ ಕವಾಟ ಅಪರೂಪಕ್ಕೊಮ್ಮೆ ಟಿಕ್ ಎಂದು ಸುಮ್ಮನಾಗುತ್ತಿತ್ತು. ತಳದ ಬಂಡೆಯ ಮೇಲೆ ನಾನು ಗಂಟು ಹಾಕಿದೆ, ನಮ್ಮ ಹುಡುಗಿ ಎಳೆದು ನೋಡಿ ಸರಿಯಿಲ್ಲ ಎಂದು ತಲೆಯಾಡಿಸಿದಳು. ಬಿಚ್ಚಿ ಮತ್ತೆ ಹಾಕಿದೆ.

ಮನೆಗೆ ಬಂದ ಮೇಲೆ ಕಿಟಕಿ ಪರದೆಯ ವಿಷಯಕ್ಕೆ ಜಗಳವಾಯಿತು. ಹಾಲ್‌ನ ಪರದೆ ಬದಲಿಸಬೇಕು, ಈ ಕಂದು ಬಣ್ಣದಲ್ಲಿ ಮನೆ ಗುಹೆಯ ಹಾಗಿದೆ ಎಂದಳು. ಇವರು ಆರಿಸಿದ್ದ ಪರದೆ. ನಾನು ಬೇಡ ಎಂದೆ. ಪುಟ್ಟ ಬಾಯಿ ತೆರೆದ, ನನ್ನನ್ನು ನೋಡಿದ, ಅವಳನ್ನು ನೋಡಿದ, ಕಿವಿ ನೋವೆಂದು ಎದ್ದು ಹೋದ. ನಾವಿಬ್ಬರೇ ಉಳಿದೆವು, ಒಂದಕ್ಕೆ ಒಂದು. ದನಿ ಏರಿತು, ಬಾಗಿಲು ಬಡಿಯಿತು, ಹಳೆಯದೆಲ್ಲ ಹೊರಗೆ ಬಂತು. ಇಷ್ಟು ವರ್ಷದಲ್ಲಿ ನನಗೆ ಇಷ್ಟು ಸಿಟ್ಟು ಬಂದದ್ದೇ ಇಲ್ಲ.

ನಡುವೆ ನಿಲ್ಲಿಸಿ ಬಚ್ಚಲಿಗೆ ಹೋದೆ. ಕನ್ನಡಿಯ ಹತ್ತಿರ ಮುಖ ತಂದು ತುಟಿಯನ್ನು ಚೆನ್ನಾಗಿ ನೋಡಿದೆ. ಹಿಂದೆಯೇ ಬಂದು ಅವಳೂ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

ಎಳ್ಳಷ್ಟೂ ಅದುರಲಿಲ್ಲ.

"ಸರಿ ಇದೆ ಅತ್ತೆ," ಎಂದಳು. ಇಬ್ಬರೂ ಹಾಲ್‌ಗೆ ವಾಪಸ್ಸು ಬಂದು, ಬಿಟ್ಟಲ್ಲಿಂದ ಜಗಳ ಮುಂದುವರಿಸಿದೆವು.